ಬಿಟ್ಟುಹೋದ ಎಂಟನೆಯ ಸರ್ವರ್

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಕಾರಣವೇನು ಗೊತ್ತೇ? ಹೊಸ ತಂತ್ರಾಂಶವನ್ನು ಎಂಟು ಸರ್ವರುಗಳಿಗೆ ಕೈಯಾರೆ ಹಾಕುವಾಗ ಒಂದು ಬಿಟ್ಟುಹೋಗಿತ್ತು. ಅದರಲ್ಲಿ ಉಳಿದಿದ್ದ ಹಳೆಯ ಪ್ರೋಗ್ರಾಮು ಎಚ್ಚೆತ್ತು, ಬೇಡದ ಷೇರುಗಳಿಗೆ ಎಡೆಬಿಡದೆ ಆರ್ಡರ್ ಕಳುಹಿಸತೊಡಗಿತು. ಕಾರ್ಯಕ್ರಮವನ್ನು ಪ್ರಸಾರಕ್ಕೆ ಮೊದಲು ಎರಡು ಸಲ ನೋಡುವ ನಮ್ಮಂಥವರಿಗೆ ಆಶ್ಚರ್ಯ: ಆ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸಿರಲೇ ಇಲ್ಲ!

ಇಂದು ಇದನ್ನು ಯಂತ್ರಕ್ಕೇ ಒಪ್ಪಿಸಬಹುದು. ನೀವು ಬರೆದ ಪ್ರೋಗ್ರಾಮನ್ನು 'ಕ್ಲೌಡ್' ಎನ್ನುವ ದೂರದ ಬಾಡಿಗೆ ಕಂಪ್ಯೂಟರುಗಳು ಜೋಡಿಸಿ, ಪರೀಕ್ಷಿಸಿ, ಪಾಸಾದರೆ ಮಾತ್ರ ಎಲ್ಲ ಸರ್ವರುಗಳಿಗೂ ಒಂದೇ ರೀತಿ ಹಂಚುತ್ತವೆ. ಒಂದಕ್ಕೆ ತಲುಪದಿದ್ದರೂ ಕೂಗಿ ಹೇಳುತ್ತವೆ. ಪ್ರಶ್ನೆಪತ್ರಿಕೆ ಬರೆಯಬೇಕಾದವರು ಮಾತ್ರ ನೀವೇ. ನೈಟ್ ಸಂಸ್ಥೆ 2013ರಲ್ಲಿ ಇನ್ನೊಂದು ಕಂಪನಿಯೊಡನೆ ವಿಲೀನವಾಯಿತು.