ಹೇಳಿಕೊಳ್ಳುವ ಧೈರ್ಯವೇ ಮೊದಲ ಪಾಠ

(ತಾಲ್ಲೂಕು ಕೇಂದ್ರದ ಪ್ರೌಢಶಾಲೆಯೊಂದರಲ್ಲಿ ಸೇರಿದ್ದ ಪೋಷಕರ, ಉಪಾಧ್ಯಾಯರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಮಾಜಿಕ ಜಾಲತಾಣಗಳಲ್ಲಿ ಕ್ಷೇಮವಾಗಿರುವುದನ್ನು ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ತಾವು ಹೇಳಿದ್ದೀರಿ. ನಾವು ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಯಂತ್ರದ ಒಳಗುಟ್ಟು ಬಲ್ಲ ಇಂಜಿನಿಯರರು ನಾವಲ್ಲ. ಆದರೆ ಪಕ್ಷದ ಕೆಲಸಕ್ಕೆ ಇಳಿಯುವ ಮೊದಲು ಕೆಲವು ವರ್ಷ ಕರಿಹಲಗೆಯ ಮುಂದೆ ನಿಂತವರು. ಈಗ ಊರೂರು ತಿರುಗುವಾಗ ಹತ್ತಾರು ಮನೆಗಳ ಜಗಲಿಯ ಮೇಲೆ ಕುಳಿತು ತಾಯ್ತಂದೆಗಳ ಸಂಕಟ ಕೇಳುತ್ತಿರುವವರು. ಅಷ್ಟು ಅನುಭವದ ಬಲದಿಂದಲೇ ಮಾತನಾಡುತ್ತೇವೆ.

ಈ ಸಭೆಗೆ ಬರುವಾಗ ಹಿರಿಯರೊಬ್ಬರು ನಮ್ಮನ್ನು ತಡೆದು, “ಮೇಷ್ಟ್ರೇ, ಭಾಷಣ ಯಾಕೆ? ಮೊಬೈಲು ಕಿತ್ತುಕೊಂಡರೆ ಆಯಿತಲ್ಲ” ಎಂದರು. ಕೇಳಲು ಸುಲಭವಾದ ಮಾತು. ಆದರೆ ಈ ಮೊಬೈಲನ್ನು ಮಕ್ಕಳ ಕೈಗೆ ಕೊಟ್ಟವರು ಯಾರು? 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆ ವರ್ಷ ವಿದ್ಯಾಗಮ ಎಂದು ಮಾಡಿ ಉಪಾಧ್ಯಾಯರು ಕೆಲವು ಕಾಲ ದೇವಸ್ಥಾನದ ಪೌಳಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಉಳಿದದ್ದು ಮೊಬೈಲಿನ ಪಾಠ. ಕೂಲಿ ಮಾಡುವ ತಂದೆ ಸಾಲ ಮಾಡಿ, ಕಂತು ಕಟ್ಟಿ ಮೊಬೈಲು ತಂದ. ಮಲೆನಾಡಿನ ಮಕ್ಕಳು ಸಿಗ್ನಲ್ಲು ಅರಸಿ ಗುಡ್ಡ ಹತ್ತಿ ಕುಳಿತರು. ಅಂದು ಶಾಲೆಯೇ ಬೇಡಿದ ವಸ್ತುವನ್ನು ಇಂದು ಮಗುವಿನ ತಪ್ಪೆಂದು ಕರೆಯುವುದು ನ್ಯಾಯವೇ? ಕಿತ್ತುಕೊಂಡರೂ ಗೆಳತಿಯ ಮೊಬೈಲಿದೆ, ಅಣ್ಣನ ಮೊಬೈಲಿದೆ. ಕದ್ದು ನೋಡುವ ಮಗುವಿಗೆ ಅಪಾಯ ಬಂದರೆ ಅದು ಯಾರ ಬಳಿಗೂ ಬಂದು ಹೇಳಲಾರದು.

ಈ ಮಾತನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮದೇ ತಪ್ಪಿನಿಂದ ಕಲಿತೆವು. ಅದನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕು.

ನಾವು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಗಣಿತದಲ್ಲಿ ಚುರುಕು. ತಾಯಿ ಬೀಡಿ ಕಟ್ಟುತ್ತಿದ್ದರು. ಪಾಠಕ್ಕೆಂದು ತಂದ ಮೊಬೈಲಿನಲ್ಲಿ ಆಕೆ ಒಂದು ಖಾತೆ ತೆರೆದಿದ್ದಳು. ಹುಡುಗಿಯ ಹೆಸರಿನ ಅಪರಿಚಿತ ಖಾತೆಯೊಂದು ಸ್ನೇಹ ಕೇಳಿತು. ಎರಡು ವಾರ ಸಿಹಿ ಮಾತು. ಆಮೇಲೆ ಅವಳ ಮುಖವನ್ನು ಬೇರೊಂದು ಅಶ್ಲೀಲ ಚಿತ್ರಕ್ಕೆ ಅಂಟಿಸಿ, ಹಣ ಕಳಿಸದಿದ್ದರೆ ಊರಿಗೆಲ್ಲ ಹಂಚುತ್ತೇವೆ ಎಂಬ ಬೆದರಿಕೆ. ಹುಡುಗಿ ತಾಯಿಯ ಚೀಟಿ ಹಣದಿಂದ ಐನೂರು ರೂಪಾಯಿ ತೆಗೆದು ಕಳಿಸಿದಳು. ಬೆದರಿಕೆ ನಿಲ್ಲಲಿಲ್ಲ. ಮತ್ತೊಮ್ಮೆ ತೆಗೆದಳು. ಸಿಕ್ಕಿಬಿದ್ದಳು. ಮನೆಯಲ್ಲಿ ಏಟು ಬಿತ್ತು. ತಂದೆ ಅವಳನ್ನು ಎಳೆದುಕೊಂಡು ಶಾಲೆಗೆ ಬಂದರು. ಉಪಾಧ್ಯಾಯರ ಕೋಣೆಯಲ್ಲಿ ಆರು ಜನ ದೊಡ್ಡವರು ಆ ಮಗುವನ್ನು ಸುತ್ತುವರಿದು ನಿಂತೆವು. ಆಗ ನಮ್ಮ ಬಾಯಿಂದ ಹೊರಟ ಮೊದಲ ಮಾತು: “ನಿನಗೆ ಫೋಟೋ ಹಾಕುವ ಕೆಲಸ ಯಾಕೆ ಬೇಕಿತ್ತು?”

ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಅವಳನ್ನು ದೂರದ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲಿಗೆ ಓದು ಮುಗಿಯಿತು. ಕೆಲವು ದಿನಗಳ ಮೇಲೆ ಅವಳ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಬಂದು ಹೇಳಿದಳು: “ಸಾರ್, ಮೊದಲ ಸಲ ಬೆದರಿಕೆ ಬಂದಾಗಲೇ ನಿಮಗೆ ಹೇಳೋಣ ಅಂತ ಎರಡು ಸಲ ಸ್ಟಾಫ್ ರೂಮಿನ ಬಾಗಿಲವರೆಗೆ ಬಂದಿದ್ದಳು. ಬೈತೀರಿ ಅಂತ ವಾಪಸು ಹೋದಳು.”

ಬೆದರಿಸಿದವನು ಯಾರೋ ದೂರದವನು. ಆದರೆ ಅವಳನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದು ನಮ್ಮ ಭಯ. ಆ ದಿನದಿಂದ ನಮಗೆ ಮನದಟ್ಟಾದ ಸಂಗತಿ ಒಂದೇ: ಮಗು ಭಯವಿಲ್ಲದೆ ಬಂದು ಹೇಳುವ ಜಾಗವನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಮಾಡದೆ ಇದ್ದರೆ ಉಳಿದ ಯಾವ ಪಾಠವೂ ಫಲಿಸುವುದಿಲ್ಲ.

ಈ ಮೋಸಗಾರರು ಕೆಲಸ ಮಾಡುವ ಬಗೆ ನೋಡಿ. ಮೊದಲು ಹೊಗಳಿಕೆ. ಆಮೇಲೆ “ಇದು ನಮ್ಮಿಬ್ಬರ ಗುಟ್ಟು” ಎಂಬ ಮಾತು. ಆಮೇಲೆ ಇನ್ನೊಂದು ಆ್ಯಪಿಗೆ ಬಾ, ವಿಡಿಯೋ ಕರೆಗೆ ಬಾ ಎಂಬ ಒತ್ತಾಯ. ಕರೆಯಲ್ಲಿ ಕಂಡದ್ದನ್ನು ಆ ಕಡೆ ದಾಖಲು ಮಾಡಿಕೊಳ್ಳುತ್ತಾರೆ. ಕೊನೆಗೆ ಬೆದರಿಕೆ. ಈಗಂತೂ ಒಂದು ಸಾಧಾರಣ ಮುಖದ ಚಿತ್ರ ಸಿಕ್ಕರೆ ಸಾಕು, ಯಂತ್ರವೇ ಸುಳ್ಳು ಚಿತ್ರವನ್ನು ತಯಾರಿಸಿಕೊಡುತ್ತದೆ. ಆದುದರಿಂದ “ತಪ್ಪು ಮಾಡದವರಿಗೆ ಭಯವೇನು?” ಎಂದು ಕೇಳುವುದು ಈ ಕಾಲಕ್ಕೆ ಸಲ್ಲದು. ಹುಡುಗರೂ ಈ ಬಲೆಗೆ ಬೀಳುತ್ತಾರೆ. ಅವರು ಇನ್ನೂ ಹೆಚ್ಚು ಬಾಯಿ ಮುಚ್ಚಿಕೊಂಡಿರುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಈಗ ನಿಮಗೆ ಹೇಳುತ್ತೇವೆ. ಮನೆಗೆ ಬಾಗಿಲು ಹಾಕುವಂತೆ ಖಾತೆಗೂ ಬಾಗಿಲು ಹಾಕುವುದು ಬುದ್ಧಿವಂತಿಕೆ. ಖಾತೆಯನ್ನು ಖಾಸಗಿ ಎಂದು ಇಟ್ಟುಕೊಳ್ಳಿ. ಮುಖಾಮುಖಿ ಕಂಡು ಬಲ್ಲವರನ್ನು ಮಾತ್ರ ಸೇರಿಸಿಕೊಳ್ಳಿ. ಶಾಲೆಯ ಸಮವಸ್ತ್ರ, ಬಸ್ಸಿನ ನಿಲ್ದಾಣ, ಮನೆಯ ಬೀದಿ ಕಾಣುವ ಚಿತ್ರವು ನೀವು ಎಲ್ಲಿ, ಯಾವಾಗ ಸಿಗುತ್ತೀರಿ ಎಂಬುದನ್ನು ಅಪರಿಚಿತನಿಗೆ ಹೇಳಿಕೊಡುತ್ತದೆ. ಪಾಸ್‌ವರ್ಡನ್ನು ಜೀವದ ಗೆಳೆಯನಿಗೂ ಹೇಳಬೇಡಿ. ಎರಡು ಹಂತದ ಪರಿಶೀಲನೆ ಎಂಬ ಏರ್ಪಾಡು ಇದೆ. ಅದನ್ನು ಹಾಕಿಕೊಂಡರೆ ಪಾಸ್‌ವರ್ಡು ಕದ್ದವನೂ ಸುಲಭವಾಗಿ ಒಳಗೆ ಬರಲಾರ. ಮೊಬೈಲಿಗೆ ಬಂದ ಓಟಿಪಿಯನ್ನು ಯಾರು ಕೇಳಿದರೂ ಕೊಡಬೇಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮುಗಳ ನಿಯಮದಂತೆ 13 ತುಂಬದವರಿಗೆ ಖಾತೆಯೇ ಇಲ್ಲ. ಸುಳ್ಳು ವಯಸ್ಸು ಬರೆದು ಸೇರಿದರೆ ಚಿಕ್ಕವರಿಗೆಂದು ಇಟ್ಟ ರಕ್ಷಣೆಯೂ ನಿಮಗೆ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಬೆದರಿಕೆ ಬಂದಿತೆನ್ನಿ. ಆಗ ಏನು ಮಾಡಬೇಕು? ಹಣ ಕೊಡಬೇಡಿ, ಒಮ್ಮೆ ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಇನ್ನೊಂದು ಚಿತ್ರವನ್ನೂ ಕಳಿಸಬೇಡಿ. ಗಾಬರಿಯಿಂದ ಎಲ್ಲವನ್ನೂ ಅಳಿಸಿಬಿಡಬೇಡಿ; ಆ ಮಾತುಕತೆಯೇ ಸಾಕ್ಷಿ. ಖಾತೆಯ ಹೆಸರು, ಬೆದರಿಕೆಯ ಮಾತು, ಹಣ ಕೇಳಿದ ನಂಬರು ಇವುಗಳ ಸ್ಕ್ರೀನ್‌ಶಾಟು ತೆಗೆದಿಟ್ಟು, ಆಮೇಲೆ ಅವನನ್ನು ಬ್ಲಾಕ್ ಮಾಡಿ. ಬೆದರಿಸುತ್ತಿರುವವರ ಚಿತ್ರ ಅಶ್ಲೀಲವಾಗಿದ್ದರೆ ಅದನ್ನು ಮತ್ತೊಬ್ಬರಿಗೆ ಕಳಿಸಬೇಡಿ. ಅದೇ ದಿನ ಒಬ್ಬ ದೊಡ್ಡವರಿಗೆ ಹೇಳಿ. ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. 1098 ಮಕ್ಕಳ ಸಹಾಯವಾಣಿ. ಮಗುವೇ ಕರೆ ಮಾಡಬಹುದು. ಹಣ ಹೋಗಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಎಂಬ ಸರ್ಕಾರದ ತಾಣದಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಬರೆಯಬಹುದು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇದಕ್ಕೆಂದೇ ಸಿ.ಇ.ಎನ್. ಪೊಲೀಸ್ ಠಾಣೆಗಳಿವೆ. ಹದಿನೆಂಟು ತುಂಬದವರ ಚಿತ್ರಕ್ಕಾಗಿ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ 2023ರಲ್ಲಿ ಆರಂಭವಾಯಿತು. ಅಲ್ಲಿ ಚಿತ್ರವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ. ಅದರ ಗುರುತಿನ ಅಂಕಿ ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಕಂಪನಿಗಳು ಆ ಅಂಕಿಯನ್ನು ಹಿಡಿದು ಚಿತ್ರವನ್ನು ತಡೆಯುತ್ತವೆ.

ತಾಯ್ತಂದೆಗಳು, “ಠಾಣೆ ಎಂದರೆ ಮಾನ ಹೋಗುತ್ತದೆ” ಎನ್ನುತ್ತಾರೆ. ಅವರ ಭಯ ನಮಗೆ ಅರ್ಥವಾಗುತ್ತದೆ. ಆದರೆ ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಲಿ. 2012ರ ಪೋಕ್ಸೋ ಕಾಯ್ದೆಯಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೋ ಮಗು ಇಷ್ಟಪಡುವ ಜಾಗದಲ್ಲಿಯೋ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಕೂಡದು. ಪತ್ರಿಕೆಗಳು ಹೆಸರು, ಊರು, ಶಾಲೆ ಪ್ರಕಟಿಸಕೂಡದು. ಇನ್ನು ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು. ಈ ಕಾಯ್ದೆಯ ಅಪರಾಧ ನಡೆದಿದೆ ಎಂದು ತಿಳಿದೂ ತಿಳಿಸದೆ ಮುಚ್ಚಿಡುವುದು ಸ್ವತಃ ಅಪರಾಧ. ಸಂಸ್ಥೆಯ ಮುಖ್ಯಸ್ಥರು ಹಾಗೆ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವಿದೆ. ಶಾಲೆಯ ಹೆಸರು ಕೆಡುತ್ತದೆಂದು ಮಗುವನ್ನು ಹೊರಗೆ ಹಾಕುವವರು ಇದನ್ನು ಗಮನಿಸಬೇಕು.

ಮಾತಿಗೆ ಇನ್ನೊಂದು ಮಗ್ಗುಲಿದೆ. ನಮಗೆ ಅಪಾಯ ಬರದಂತೆ ಕಾಯ್ದುಕೊಳ್ಳುವುದನ್ನು ಕಲಿಸಿದರೆ ಸಾಲದು. ನಮ್ಮ ಕೈಯಿಂದ ಇನ್ನೊಬ್ಬರಿಗೆ ಅಪಾಯ ಆಗದಂತೆ ನೋಡಿಕೊಳ್ಳುವುದನ್ನೂ ಕಲಿಸಬೇಕು. 2018ರ ಜುಲೈ 13ರಂದು ಬೀದರ ಜಿಲ್ಲೆಯಲ್ಲಿ ನಡೆದುದನ್ನು ನೆನೆಯಿರಿ. ಹೈದರಾಬಾದಿನ ಕಡೆಯಿಂದ ಬಂದ ಕೆಲವು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ಆಗಲೇ ವಾಟ್ಸಾಪಿನಲ್ಲಿ ಹರಿದಾಡುತ್ತಿತ್ತು. ಯಾರೋ ಅವರ ವಿಡಿಯೋ ತೆಗೆದು ಗುಂಪಿಗೆ ಹಾಕಿದರು. ಕಾರು ಮುರ್ಕಿ ಎಂಬ ಊರು ಮುಟ್ಟುವಷ್ಟರಲ್ಲಿ ಜನ ರಸ್ತೆಗೆ ಅಡ್ಡಗಟ್ಟಿ ನಿಂತಿದ್ದರು. ಒಬ್ಬ ಯುವ ಇಂಜಿನಿಯರನನ್ನು ಹೊಡೆದು ಕೊಂದರು. ಉಳಿದವರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಮಕ್ಕಳಿಗೆ ಮಿಠಾಯಿ ಕೊಟ್ಟದ್ದಕ್ಕೆ ಒಂದು ಜೀವ ಹೋಯಿತು. ಅದೇ ತಿಂಗಳು ವಾಟ್ಸಾಪ್ ಕಂಪನಿಯು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂದು ಮಿತಿ ಹಾಕಿತು. ಕಂಪನಿ ಹಾಕಿದ ಮಿತಿ ಐದು. ನಾವು ಹಾಕಿಕೊಳ್ಳಬೇಕಾದ ಮಿತಿ ಇಷ್ಟೇ: ನಿಜವೆಂದು ನಮಗೆ ಗೊತ್ತಿಲ್ಲದ್ದನ್ನು ಒಬ್ಬರಿಗೂ ಕಳಿಸಬಾರದು.

ಸಹಪಾಠಿ ಹುಡುಗಿಯ ಚಿತ್ರ ಕೈಗೆ ಬಂದಾಗಲೂ ಇದೇ ಮಾತು. “ನಾನು ಮಾಡಿದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೆ” ಎಂಬ ಸಮಾಧಾನ ನಡೆಯದು. ಮಕ್ಕಳ ಅಶ್ಲೀಲ ಚಿತ್ರವನ್ನು ಹಂಚುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಲ್ಲಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಸೆರೆವಾಸ, ಹತ್ತು ಲಕ್ಷದವರೆಗೆ ದಂಡ ಇದೆ. ಶಿಕ್ಷೆಯ ಮಾತು ಹಾಗಿರಲಿ. ಮುಂದೆ ಕಳಿಸುವ ಪ್ರತಿಯೊಬ್ಬ ಹುಡುಗನೂ ಆ ಬೆದರಿಸುವವನಿಗೆ ಕೂಲಿಯಿಲ್ಲದ ಆಳಾಗುತ್ತಾನೆ.

ಇಷ್ಟು ದಿನ ಈ ವಿಷಯದಲ್ಲಿ ಉಪದೇಶವೆಲ್ಲ ಮಗುವಿಗೇ ಆಯಿತು. ಲಾಭ ಮಾಡುವವರಿಗೆ ಯಾರು ಹೇಳಬೇಕು? ಈ ತಾಣಗಳು ಪುಕ್ಕಟೆ ಎಂದು ಮಕ್ಕಳು ತಿಳಿದಿದ್ದಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರಕ್ಕೂ ಒಡೆಯನಾದ ಮೆಟಾ ಕಂಪನಿಯ 2023ರ ವರಮಾನ ಸುಮಾರು 13,500 ಕೋಟಿ ಡಾಲರು. ಅದರಲ್ಲಿ ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಭಾಗ ಜಾಹೀರಾತಿನದು. ಮಗು ಎಷ್ಟು ಹೊತ್ತು ಕಣ್ಣು ಕೀಳದೆ ನೋಡುತ್ತದೆಯೋ ಅಷ್ಟು ಸಂಪಾದನೆ. ಹೀಗಿರುವಲ್ಲಿ “ಮಿತವಾಗಿ ನೋಡು” ಎಂದು ಮಗುವಿಗೆ ಹೇಳುವುದು, ಹೆಂಡದಂಗಡಿಗೆ ಲೈಸೆನ್ಸು ಕೊಟ್ಟು ಕುಡಿಯುವವನಿಗೆ ಮಾತ್ರ ನೀತಿ ಹೇಳಿದಂತೆ. ಆಸ್ಟ್ರೇಲಿಯಾ ದೇಶವು 2024ರಲ್ಲಿ ಕಾಯ್ದೆ ಮಾಡಿ, 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಮುಖ್ಯ ತಾಣಗಳಲ್ಲಿ ಖಾತೆ ಇರಕೂಡದೆಂದು ವಿಧಿಸಿತು. ಆ ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಗಮನಿಸಬೇಕಾದುದು, ಅಲ್ಲಿ ದಂಡ ಕಂಪನಿಗೆ. ಮಗುವಿಗೂ ಇಲ್ಲ, ತಾಯಿಗೂ ಇಲ್ಲ. ನಮ್ಮ ಸಂಸತ್ತು 2023ರಲ್ಲಿ ಒಪ್ಪಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ 18 ತುಂಬದವರ ಬೆನ್ನು ಹತ್ತಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಕೂಡದೆನ್ನುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪಿತ್ತರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಬೀಡಿ ಕಟ್ಟುವವರ ಮಗಳಿಗೂ ಸಲ್ಲುತ್ತದೆ. ಅದನ್ನು ಜಾರಿಗೆ ತರಿಸುವುದು ದೊಡ್ಡವರಾದ ನಮ್ಮ ಕೆಲಸ.

ಕೊನೆಗೆ ಈ ಸಭೆಯ ಮುಂದೆ ನಾಲ್ಕು ಬೇಡಿಕೆ ಇಡುತ್ತೇವೆ. ಒಂದು, ಎಂಟರಿಂದ ಹತ್ತನೆಯ ತರಗತಿಯವರೆಗೆ ತಿಂಗಳಿಗೊಂದು ಪಿರಿಯಡ್ಡು ಈ ಪಾಠಕ್ಕೆ ಮೀಸಲಾಗಲಿ. ಹುಡುಗ ಹುಡುಗಿಯರು ಒಟ್ಟಿಗೆ ಕೂರಲಿ. ಎರಡು, ಮಕ್ಕಳೇ ಆರಿಸಿದ ಒಬ್ಬ ಉಪಾಧ್ಯಾಯಿನಿ, ಒಬ್ಬ ಉಪಾಧ್ಯಾಯರ ಹೆಸರು, 1098 ಮತ್ತು 1930 ಎಂಬ ಅಂಕಿಗಳೊಡನೆ ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಮೂರು, ದೂರು ಹೇಳಿದ ಮಗುವನ್ನು ಶಾಲೆ ಬಿಡಿಸುವುದಿಲ್ಲವೆಂದು ಪೋಷಕರೂ ಮುಖ್ಯೋಪಾಧ್ಯಾಯರೂ ಇಂದೇ ಮಾತು ಕೊಡಲಿ. ನಾಲ್ಕು, ತಾಯ್ತಂದೆಗಳು ಈ ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ಒಂದು ಮಾತು ಹೇಳಲಿ: “ಏನೇ ಆಗಲಿ, ಮೊದಲು ನನಗೆ ಹೇಳು. ನಾನು ಹೊಡೆಯುವುದಿಲ್ಲ.” ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಲಿ.

ಆ ಹುಡುಗಿ ಈಗ ಎಲ್ಲಿದ್ದಾಳೋ ನಮಗೆ ತಿಳಿಯದು. ಬಾಗಿಲವರೆಗೆ ಬಂದವಳನ್ನು “ಒಳಗೆ ಬಾ ತಾಯಿ, ಏನಾಯಿತು ಹೇಳು” ಎಂದು ಕೇಳಿದ್ದರೆ ಅವಳು ಹತ್ತನೆಯ ತರಗತಿ ಮುಗಿಸುತ್ತಿದ್ದಳು. ಇನ್ನೊಬ್ಬಳು ಹಾಗೆ ಹಿಂದಿರುಗದಂತೆ ನೋಡಿಕೊಳ್ಳೋಣ.