ಎಲ್ವಾ ನದಿಯ ಮೀನುದಾರಿ

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಒಲಿಂಪಿಕ್ ಪರ್ವತಗಳಿಂದ ಇಳಿದು ಕಡಲು ಸೇರುವ ಎಲ್ವಾ ದೊಡ್ಡ ನದಿಯೇನಲ್ಲ. ಆದರೆ ಪೆಸಿಫಿಕ್ ಸಾಲ್ಮನ್‌ನ ಐದೂ ಜಾತಿಗಳು ಅಲ್ಲಿದ್ದವು. ಸಾಲ್ಮನ್ ಹುಟ್ಟುವುದು ನದಿಯಲ್ಲಿ, ಬೆಳೆಯುವುದು ಕಡಲಿನಲ್ಲಿ. ಮೊಟ್ಟೆಯಿಡಲು ಮತ್ತೆ ಹೊಳೆಯ ಸೆಳವಿಗೆ ಎದುರಾಗಿ ಹತ್ತಿಬರುತ್ತದೆ.

1913ರಲ್ಲಿ ಆ ದಾರಿಗೆ ಎಲ್ವಾ ಅಣೆಕಟ್ಟೆ ಅಡ್ಡ ಬಂತು. ಅಣೆಕಟ್ಟೆಯಲ್ಲಿ ಮೀನಿಗೆ ದಾರಿ ಬಿಡಲೇಬೇಕೆಂಬ ಕಾನೂನು ರಾಜ್ಯದಲ್ಲಿ ಆಗಲೇ ಇತ್ತು. ದಾರಿ ಬಿಡಲಿಲ್ಲ, ಬದಲಿಗೆ ಮೀನುಮರಿ ಉತ್ಪಾದನಾ ಕೇಂದ್ರವೊಂದನ್ನು ತೆರೆದರು. 1922ರಲ್ಲಿ ಅದನ್ನೂ ಕೈಬಿಟ್ಟರು. ಇದು ತಿಳಿದೂ ಮಾಡಿದ ಅನ್ಯಾಯ. 1927ರಲ್ಲಿ ಮೇಲ್ಭಾಗದಲ್ಲಿ 64 ಮೀಟರ್ ಎತ್ತರದ ಗ್ಲೈನ್ಸ್ ಕ್ಯಾನಿಯನ್ ಅಣೆಕಟ್ಟೆ ಎದ್ದಿತು. ಮೀನಿಗೆ ಉಳಿದದ್ದು ಕೊನೆಯ ಸುಮಾರು 8 ಕಿಲೋಮೀಟರ್ ಹರಿವು.

ಮೀನಿನ ಜೊತೆ ಕಳೆದುಕೊಂಡವರು ಕ್ಲಾಲಮ್ ಬುಡಕಟ್ಟಿನ ಜನ. ತಮ್ಮವರನ್ನು ಸೃಷ್ಟಿಕರ್ತ ರೂಪಿಸಿದ್ದು ಇಲ್ಲೇ ಎಂದು ಅವರು ನಂಬುವ ಬಂಡೆಯೂ ಜಲಾಶಯದಲ್ಲಿ ಮುಳುಗಿತ್ತು. ಹಿರಿಯರ ಬಾಯಿಮಾತಿನಲ್ಲಷ್ಟೇ ಬದುಕಿದ್ದ ಆ ತಾಣ, ಅಣೆಕಟ್ಟೆ ಕೆಡಹುವಾಗ ನೀರು ಇಳಿದ ಮೇಲೆ 2012ರಲ್ಲಿ ಮತ್ತೆ ಕಣ್ಣಿಗೆ ಬಿತ್ತು.

ನದಿಯನ್ನು ಪುನಶ್ಚೇತನಗೊಳಿಸುವ ಕಾಯಿದೆಯನ್ನು ಅಮೆರಿಕದ ಸಂಸತ್ತು 1992ರಲ್ಲೇ ಮಾಡಿತ್ತು. ಕೆಡಹುವ ಕೆಲಸ ಶುರುವಾದದ್ದು 2011ರ ಸೆಪ್ಟೆಂಬರಿನಲ್ಲಿ, ಮುಗಿದದ್ದು 2014ರಲ್ಲಿ. ಕಟ್ಟೆಗಳ ಹಿಂದೆ ಎರಡು ಕೋಟಿ ಘನ ಮೀಟರಿಗೂ ಹೆಚ್ಚು ಹೂಳು ಕೂತಿತ್ತು. ಅದಕ್ಕೇ ಗೋಡೆಯನ್ನು ಹಂತಹಂತವಾಗಿ, ನಡುನಡುವೆ ತಡೆದು ನಿಂತು ಇಳಿಸಿದರು. ಆ ಹೂಳೇ ಈಗ ನದೀಮುಖದಲ್ಲಿ ಹೊಸ ಮರಳುದಂಡೆಯಾಗಿದೆ.

ನನಗೆ ಎಲ್ಲಕ್ಕಿಂತ ಅಚ್ಚರಿಯೆನಿಸಿದ್ದು ಸಾಲ್ಮನ್‌ನ ಹತ್ತಿರದ ಬಂಧು ಸ್ಟೀಲ್‌ಹೆಡ್‌ನ ಕಥೆ. ಕಡಲಿಗೆ ಹೋಗಿಬರುವ ರೇನ್‌ಬೋ ಟ್ರೌಟೇ ಸ್ಟೀಲ್‌ಹೆಡ್. ಕಟ್ಟೆಗಳ ಮೇಲ್ಭಾಗದ ಹರಿವಿನಲ್ಲಿ ಸಿಕ್ಕಿಬಿದ್ದ ಟ್ರೌಟ್‌ಗಳು ತಲೆತಲಾಂತರ ಸಿಹಿನೀರಿನಲ್ಲೇ ಉಳಿದಿದ್ದವು. ದಾರಿ ತೆರೆದದ್ದೇ ತಡ, ಬೇಸಿಗೆಯಲ್ಲಿ ಹತ್ತಿಬರುವ ಸ್ಟೀಲ್‌ಹೆಡ್ ಮತ್ತೆ ಕಾಣಿಸಿಕೊಂಡಿತು. ಕಡಲಿಗೆ ಹೋಗುವ ಗುಣ ಸಿಕ್ಕಿಬಿದ್ದ ಟ್ರೌಟ್‌ಗಳ ವಂಶವಾಹಿಯಲ್ಲಿ ಅಳಿಯದೆ ಉಳಿದಿತ್ತೆಂದು ಸಂಶೋಧಕರು ಕಂಡುಕೊಂಡರು.

ಎಲ್ಲ ಜಾತಿಗಳೂ ಇಷ್ಟು ಬೇಗ ಚೇತರಿಸಿಕೊಂಡಿಲ್ಲ. ಚಿನೂಕ್ ಸಾಲ್ಮನ್ ಇನ್ನೂ ಬಹುಮಟ್ಟಿಗೆ ಉತ್ಪಾದನಾ ಕೇಂದ್ರದ ಮರಿಗಳನ್ನೇ ಆಶ್ರಯಿಸಿದೆ. ಆದರೆ ಕೋಹೋ ಸಾಲ್ಮನ್ ಸಾಕಷ್ಟು ಬಂದದ್ದರಿಂದ, ಮೀನುಗಾರಿಕೆಯನ್ನು ನಿಲ್ಲಿಸಿ ಹನ್ನೆರಡು ವರ್ಷ ಕಾದ ಕ್ಲಾಲಮ್ ಜನ 2023ರಲ್ಲಿ ಆಚರಣೆಗೂ ಮನೆಯೂಟಕ್ಕೂ ಮತ್ತೆ ಎಲ್ವಾದಲ್ಲಿ ಮೀನು ಹಿಡಿದರು.