ಉಂಡದ್ದೆಲ್ಲ ಮೈಗೆ ಹತ್ತುವುದೇ?

(ರೈತ ದಂಪತಿಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಸುಣ್ಣದಂಶ ಹೆಚ್ಚಾಗಿರುವ ಕಪ್ಪು ಭೂಮಿಯಲ್ಲಿ ಶೇಂಗಾ ಬೆಳೆಯುವವರು ಒಂದು ಸಂಗತಿಯನ್ನು ಕಂಡೇ ಇರುತ್ತಾರೆ. ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ಕಬ್ಬಿಣದ ಕೊರತೆಯ ಲಕ್ಷಣ. ಆದರೆ ಅದೇ ಮಣ್ಣಿನಲ್ಲಿರುವ ಒಟ್ಟು ಕಬ್ಬಿಣವನ್ನು ಲೆಕ್ಕ ಹಾಕಿದರೆ ಅದಕ್ಕೇನೂ ಕೊರತೆಯಿರುವುದಿಲ್ಲ. ಕಬ್ಬಿಣವಿದೆ, ಆದರೆ ಬೇರು ಹೀರಬಲ್ಲ ರೂಪದಲ್ಲಿಲ್ಲ. ಮಣ್ಣು ಪರೀಕ್ಷೆಯ ವರದಿಯಲ್ಲಿ ‘ಲಭ್ಯ ರಂಜಕ’, ‘ಲಭ್ಯ ಪೊಟ್ಯಾಷ್’ ಎಂದು ಬರೆಯುವುದು ಇದೇ ಕಾರಣಕ್ಕೆ. ಮಣ್ಣಿನಲ್ಲಿ ಎಷ್ಟಿದೆ ಎಂಬುದಕ್ಕಿಂತ ಬೆಳೆಗೆ ಎಷ್ಟು ಸಿಕ್ಕುತ್ತದೆ ಎಂಬುದು ಮುಖ್ಯ.

ಮನುಷ್ಯನ ಹೊಟ್ಟೆಯ ಲೆಕ್ಕವೂ ಇದೇ ಬಗೆಯದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ರಾಗಿಯ ಇಳುವರಿ ಬಹಳ ಏರಿತು. ಕಣಜ ತುಂಬಿತು. ಆದರೂ 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಂತೂ ಈ ಪ್ರಮಾಣ ಶೇ. 65ನ್ನು ದಾಟಿದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಕಬ್ಬಿಣದ ಕೊರತೆ ಮುಖ್ಯವಾದುದು. ಎರಡು ಹೊತ್ತು ಮುದ್ದೆ ಉಂಡರೂ ಮನೆಯಾಕೆಗೆ ಸುಸ್ತು, ಏದುಸಿರು, ಮುಖ ಬಿಳಿಚಿಕೊಳ್ಳುವುದು ಏಕೆ ಎಂಬುದನ್ನು ತಿಳಿಯಬೇಕಾದರೆ ತಟ್ಟೆಯಲ್ಲಿರುವ ಮುದ್ದೆ ರಕ್ತವನ್ನು ಸೇರುವ ದಾರಿಯನ್ನು ನೋಡಬೇಕು.

ಬಾಯಿ ಮತ್ತು ಜಠರ

ಬಾಯಿಯಿಂದ ಗುದದ್ವಾರದವರೆಗೆ ಇಪ್ಪತ್ತೈದು ಅಡಿಗೂ ಮೀರಿದ ಒಂದು ಕೊಳವೆಯಿದೆ. ಈ ಕೊಳವೆಯೊಳಗೆ ಇರುವ ಆಹಾರ ಇನ್ನೂ ದೇಹಕ್ಕೆ ಸೇರಿದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಗೊಬ್ಬರದ ಗಾಡಿ ಹೊಲದ ಬದಿಗೆ ಬಂದು ನಿಂತಂತೆ ಅಷ್ಟೆ. ಕೊಳವೆಯ ಗೋಡೆಯನ್ನು ದಾಟಿ ರಕ್ತಕ್ಕೆ ಇಳಿದಾಗಲೇ ಅದು ದೇಹದ್ದಾಗುತ್ತದೆ. ದಾಟಬೇಕಾದರೆ ಅತ್ಯಂತ ಸಣ್ಣ ಕಣಗಳಾಗಿ ಒಡೆಯಬೇಕು. ಈ ಒಡೆಯುವ ಕೆಲಸವೇ ಪಚನ, ದಾಟುವ ಕೆಲಸವೇ ಹೀರುವಿಕೆ.

ಬಾಯಲ್ಲಿ ಹಲ್ಲು ಅರೆಯುತ್ತದೆ, ಜೊಲ್ಲು ನೆನೆಸುತ್ತದೆ. ದಿನಕ್ಕೆ ಒಂದರಿಂದ ಒಂದೂವರೆ ಲೀಟರು ಜೊಲ್ಲು ಸುರಿಯುತ್ತದೆ. ಇದರಲ್ಲಿರುವ ಒಂದು ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ತೊಡಗುತ್ತದೆ. ಅನ್ನವನ್ನೋ ರೊಟ್ಟಿಯನ್ನೋ ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಇದರಿಂದಲೇ. ಆದರೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುವುದೇ ರೂಢಿ. ಇದರಿಂದ ಕೇಡೇನೂ ಇಲ್ಲ. ಹಿಟ್ಟು ಕುದಿಯುವ ನೀರಿನಲ್ಲಿ ಚೆನ್ನಾಗಿ ಬೆಂದಿರುವುದರಿಂದ ಪಿಷ್ಟ ಆಗಲೇ ಸಡಿಲವಾಗಿರುತ್ತದೆ. ಬಾಯಲ್ಲಿ ಆಗದೆ ಉಳಿದ ಕೆಲಸ ಮುಂದೆ ಸಣ್ಣಕರುಳಿನಲ್ಲಿ ನಡೆಯುತ್ತದೆ. ಆದರೆ ಮುದ್ದೆಯ ಜೊತೆಗಿನ ಕಾಳು, ಸೊಪ್ಪು, ಮಾಂಸಗಳನ್ನು ಅಗಿದೇ ನುಂಗಬೇಕು.

ಜಠರದಲ್ಲಿ ಹುಳಿಯಾದ ಆಮ್ಲ ಒಸರುತ್ತದೆ. ಇದು ಆಹಾರದೊಡನೆ ಬಂದ ಬಹಳಷ್ಟು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ, ಕಾಳಿನಲ್ಲಿರುವ ಸಸಾರಜನಕವನ್ನು ಸಡಿಲಿಸುತ್ತದೆ ಮತ್ತು ಆಹಾರದಲ್ಲಿರುವ ಕಬ್ಬಿಣವನ್ನು ಕರಗಿಸುತ್ತದೆ. ಪೆಪ್ಸಿನ್ ಎಂಬ ಕಿಣ್ವ ಇಲ್ಲಿ ಸಸಾರಜನಕವನ್ನು ತುಂಡರಿಸತೊಡಗುತ್ತದೆ. ಊಟವು ಎರಡರಿಂದ ನಾಲ್ಕು ಗಂಟೆ ಕಾಲ ಜಠರದಲ್ಲಿ ಕಲಸಿ ಗಂಜಿಯಂತಾಗಿ, ಸ್ವಲ್ಪಸ್ವಲ್ಪವಾಗಿ ಸಣ್ಣಕರುಳಿಗೆ ಇಳಿಯುತ್ತದೆ.

ಸಣ್ಣಕರುಳು: ಹೀರುವ ಹೊಲ

ನಿಜವಾದ ಕೆಲಸ ನಡೆಯುವುದು ಸುಮಾರು ಆರು ಮೀಟರು ಉದ್ದದ ಸಣ್ಣಕರುಳಿನಲ್ಲಿ. ಅದರ ಆರಂಭದಲ್ಲೇ ಎರಡು ಕಾಲುವೆಗಳು ಬಂದು ಸೇರುತ್ತವೆ. ಮೇದೋಜೀರಕ ಗ್ರಂಥಿಯಿಂದ ಬರುವ ರಸದಲ್ಲಿ ಪಿಷ್ಟ, ಸಸಾರಜನಕ, ಕೊಬ್ಬು ಈ ಮೂರನ್ನೂ ಒಡೆಯುವ ಕಿಣ್ವಗಳಿವೆ. ಪಿತ್ತಜನಕಾಂಗದಿಂದ ಬರುವ ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಮಾಡುತ್ತದೆ. ಬೇವಿನ ಎಣ್ಣೆ ಸಿಂಪಡಿಸುವಾಗ ನೀರಿನೊಡನೆ ಬೆರೆಯಲೆಂದು ಸಾಬೂನಿನ ಪುಡಿ ಹಾಕುವುದಿಲ್ಲವೇ? ಪಿತ್ತರಸದ ಕೆಲಸವೂ ಅದೇ.

ಕೊನೆಗೆ ಪಿಷ್ಟವು ಗ್ಲೂಕೋಸ್ ಆಗಿ, ಸಸಾರಜನಕವು ಅಮೈನೋ ಆಮ್ಲಗಳಾಗಿ, ಕೊಬ್ಬು ಕೊಬ್ಬಿನಾಮ್ಲಗಳಾಗಿ ಒಡೆಯುತ್ತದೆ. ಇವುಗಳನ್ನು ಹೀರಲು ಕರುಳಿನ ಒಳಗೋಡೆಯ ತುಂಬ ಮಕಮಲ್ಲಿನ ಬಟ್ಟೆಯಂತೆ, ಒಂದು ಮಿಲಿಮೀಟರಿಗೂ ಕಡಿಮೆ ಎತ್ತರದ ಬೆರಳಿನಾಕಾರದ ಅಂಕುರಗಳಿವೆ. ಗಿಡದ ಬೇರಿಗೆ ಬೇರುರೋಮಗಳು ಹೇಗೋ ಕರುಳಿಗೆ ಈ ಅಂಕುರಗಳು ಹಾಗೆ. ಕರುಳಿನ ಮೇಲ್ಮೈ ಒಂದು ಟೆನಿಸ್ ಮೈದಾನದಷ್ಟು ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮತ್ತೆ ಅಳೆದು, ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರು ಎಂದು ತಿದ್ದಿದರು. ಎಂದರೆ ಒಂದು ಗುಂಟೆಯ ಮೂರನೆಯ ಒಂದು ಭಾಗ. ಒಬ್ಬ ಮನುಷ್ಯ ಜೀವಮಾನವಿಡೀ ಉಂಡದ್ದು ಮೈಗೆ ಹತ್ತಬೇಕಾದುದು ಇಷ್ಟು ಅಗಲದ ‘ಹೊಲ’ದಿಂದಲೇ. ಇದರ ಮೇಲಿನ ಜೀವಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ ಹೊಸವು ಬರುತ್ತವೆ.

ಹೀರಿಕೊಂಡ ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳು ರಕ್ತನಾಳದ ಮೂಲಕ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗುತ್ತವೆ. ಉಳಿದ ನಾರು ಮತ್ತು ನೀರು ದೊಡ್ಡಕರುಳಿಗೆ ಹೋಗುತ್ತವೆ. ಅಲ್ಲಿ ನೀರು ಹೀರಲ್ಪಡುತ್ತದೆ. ದನದ ಹೊಟ್ಟೆಯಲ್ಲಿ ಮೇವು ಹುದುಗುವಂತೆ ನಾರಿನ ಒಂದಂಶವನ್ನು ಅಣುಜೀವಿಗಳು ಹುದುಗಿಸುತ್ತವೆ.

ಕಬ್ಬಿಣ ದಾಟದ ಬಾಗಿಲು

ಪಿಷ್ಟದಲ್ಲಿ ಬಹುಭಾಗ ಹೀಗೆ ಸುಲಭವಾಗಿ ದಾಟುತ್ತದೆ. ಕಬ್ಬಿಣದ ವಿಷಯ ಹಾಗಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದಂಶ ಮತ್ತು 4ರಿಂದ 4.5 ಮಿ.ಗ್ರಾಂ. ಕಬ್ಬಿಣವಿದೆ. ದಿನಕ್ಕೆ 300 ಗ್ರಾಂ ಹಿಟ್ಟಿನ ಮುದ್ದೆ ಉಣ್ಣುವ ಹೆಂಗಸಿಗೆ ಸುಮಾರು 13 ಮಿ.ಗ್ರಾಂ. ಕಬ್ಬಿಣ ಹೊಟ್ಟೆಗೆ ಹೋಗುತ್ತದೆ. ಆದರೆ ಧಾನ್ಯ, ಕಾಳು, ಸೊಪ್ಪುಗಳ ಕಬ್ಬಿಣದಲ್ಲಿ ರಕ್ತಕ್ಕೆ ದಾಟುವುದು ಸಾಮಾನ್ಯವಾಗಿ ನೂರಕ್ಕೆ ಹತ್ತು ಭಾಗಕ್ಕೂ ಕಡಿಮೆ. ಎಂಟು ಭಾಗವೆಂದು ಹಿಡಿದರೂ ಮುದ್ದೆಯಿಂದ ರಕ್ತಕ್ಕೆ ಸಿಕ್ಕಿದ್ದು ಒಂದು ಮಿ.ಗ್ರಾಂ. ಮಾತ್ರ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಗೊತ್ತುಮಾಡಿದಂತೆ ಆಹಾರದಲ್ಲಿ ಗಂಡಸಿಗೆ ದಿನಕ್ಕೆ 19 ಮಿ.ಗ್ರಾಂ., ಹೆಂಗಸಿಗೆ 29 ಮಿ.ಗ್ರಾಂ. ಕಬ್ಬಿಣ ಬೇಕು. ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ ಹೆಂಗಸಿನ ಅಗತ್ಯವೇ ಹೆಚ್ಚು. ಆದರೆ ಎಷ್ಟೋ ಮನೆಗಳಲ್ಲಿ ಎಲ್ಲರೂ ಉಂಡಾದ ಮೇಲೆ, ಕಾಳು ಸೊಪ್ಪು ಮುಗಿದ ಸಾರಿನಲ್ಲಿ, ಕೊನೆಗೆ ಉಣ್ಣುವವಳೂ ಅವಳೇ.

ಬಾಗಿಲಿಗೆ ಅಡ್ಡ ನಿಲ್ಲುವುದು ಯಾವುದು? ಮೊದಲನೆಯದು ಫೈಟಿಕ್ ಆಮ್ಲ. ಗಿಡವು ತನ್ನ ಮರಿಗಾಗಿ ಬೀಜದಲ್ಲಿ ರಂಜಕವನ್ನು ಕೂಡಿಡುವುದು ಈ ರೂಪದಲ್ಲಿ. ಕರುಳಿನಲ್ಲಿ ಇದು ಕಬ್ಬಿಣ, ಸತು, ಸುಣ್ಣದಂಶಗಳನ್ನು ಹಿಡಿದಿಟ್ಟುಕೊಂಡು ಕರಗದಂತೆ ಮಾಡುತ್ತದೆ. ಎರಡನೆಯದು ರಾಗಿಯ ಕಂದು ಸಿಪ್ಪೆಯಲ್ಲಿರುವ ಒಗರಿನ ಅಂಶ. ಚಹಾದಲ್ಲಿರುವುದೂ ಇಂತಹುದೇ. ಊಟದ ಜೊತೆಗೆ ಚಹಾ ಕುಡಿದರೆ ಆ ಊಟದಿಂದ ಹೀರುವ ಕಬ್ಬಿಣ ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಕಾಫಿಯೂ ತಡೆಯುತ್ತದೆ.

ಬಾಗಿಲು ತೆರೆಯುವುದು ಹೇಗೆ?

ಹಳದಿಯಾದ ಶೇಂಗಾಕ್ಕೆ ರೈತರು ಏನು ಮಾಡುತ್ತಾರೆ? ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ನಿಂಬೆ ಉಪ್ಪು ಬೆರೆಸಿ ಸಿಂಪಡಿಸುತ್ತಾರೆ. ಹುಳಿಯು ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುತ್ತದೆ. ಊಟದಲ್ಲಿ ಇಂತಹ ಕೆಲಸ ಮಾಡುವುದು ‘ಸಿ’ ಜೀವಸತ್ವ. ಅದು ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಆದ್ದರಿಂದ ಸೊಪ್ಪಿನ ಸಾರಿಗೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಬೇಕು. ಕುದಿಯುವಾಗ ಹಿಂಡಿದರೆ ಈ ಜೀವಸತ್ವ ನಾಶವಾಗುತ್ತದೆ. ತಟ್ಟೆಗೆ ಬಡಿಸಿದ ಮೇಲೆ ಹಿಂಡುವುದು ಸರಿ. ಊಟದೊಡನೆ ಸೀಬೆಹಣ್ಣು, ಬೆಟ್ಟದ ನೆಲ್ಲಿಕಾಯಿ ತಿಂದರೂ ಆದೀತು. ಮಾಂಸ, ಮೀನು ಉಣ್ಣುವವರಿಗೆ ಅವುಗಳ ಕಬ್ಬಿಣ ಸುಲಭವಾಗಿ ದಾಟುತ್ತದೆ. ಜೊತೆಗೆ ಮುದ್ದೆಯ ಕಬ್ಬಿಣವೂ ದಾಟಲು ಸಹಾಯವಾಗುತ್ತದೆ.

ಎರಡನೆಯ ಉಪಾಯ ಮೊಳಕೆ. ಬೀಜ ಮೊಳೆಯುವಾಗ ಅದರ ಕಿಣ್ವಗಳು ಎಚ್ಚೆತ್ತು ಫೈಟಿಕ್ ಆಮ್ಲವನ್ನು ಒಡೆಯುತ್ತವೆ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ನೀರು ಚಿಮುಕಿಸುತ್ತಿರಬೇಕು. ಮೊಳಕೆ ಬಂದ ಮೇಲೆ ಬಿಸಿಲಿನಲ್ಲಿ ಒಣಗಿಸಿ, ಉಜ್ಜಿ ಮೊಳಕೆ ತೆಗೆದು, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಮೊಳೆಯುವ ಮೊದಲೇ ಹುರಿದರೆ ಬೀಜ ಸತ್ತು ಈ ಲಾಭವೆಲ್ಲ ಹೋಗುತ್ತದೆ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಕೊಡುವ ರಾಗಿ ಸರಿಗೆ ಈ ಹಿಟ್ಟು ಬಹಳ ಒಳ್ಳೆಯದು. ಮೊಳಕೆಯ ಕಿಣ್ವ ಪಿಷ್ಟವನ್ನೂ ಒಡೆಯುವುದರಿಂದ ಸರಿ ಗಟ್ಟಿಯಾಗುವುದಿಲ್ಲ; ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಹಿಟ್ಟು ಹೋಗುತ್ತದೆ. ಹುರುಳಿ, ಹೆಸರು ಕಾಳುಗಳನ್ನು ಮೊಳಕೆ ಕಟ್ಟಿ ಸಾರು ಮಾಡುವ ಹಳ್ಳಿಯ ಪದ್ಧತಿಯನ್ನು ಬಿಡಬಾರದು.

ಬರುವುದನ್ನು ಕದಿಯುವ ಹುಳು

ಬಾಗಿಲು ತೆರೆದರೂ ಒಳಗೆ ಕಳ್ಳನಿದ್ದರೆ ಪ್ರಯೋಜನವಿಲ್ಲ. ಕೊಕ್ಕೆಹುಳು ಸಣ್ಣಕರುಳಿನ ಮೇಲ್ಭಾಗದಲ್ಲಿ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ತೇವದ ಮಣ್ಣಿನಲ್ಲಿ ಇದರ ಮರಿಗಳಿದ್ದು, ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರುತ್ತವೆ. ಆದ್ದರಿಂದ ಶೌಚಾಲಯವನ್ನು ತಪ್ಪದೆ ಬಳಸಬೇಕು. ಹೊಲ ತೋಟಗಳಲ್ಲಿ ಕಾಲಿಗೆ ಚಪ್ಪಲಿಯಿರಬೇಕು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಅಂದು ಮಗುವನ್ನು ತಪ್ಪಿಸಬಾರದು.

ರಕ್ತಹೀನತೆ ಬಂದುಬಿಟ್ಟಿದ್ದರೆ ಊಟವೊಂದೇ ಸಾಲದು. ಗರ್ಭಿಣಿಯರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು 180 ದಿನ ಬಿಡದೆ ನುಂಗಬೇಕು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಇದನ್ನು ಚಹಾ, ಕಾಫಿ ಅಥವಾ ಸುಣ್ಣದಂಶದ ಮಾತ್ರೆಯ ಜೊತೆಗೆ ತೆಗೆದುಕೊಳ್ಳಬಾರದು. ಮಾತ್ರೆಯಲ್ಲಿರುವುದೂ ಅನ್ನಭೇದಿಯಂತಹ ಕಬ್ಬಿಣದ ಲವಣವೇ ಆದರೂ, ಗೊಬ್ಬರದ ಅಂಗಡಿಯ ಅನ್ನಭೇದಿ ಬೆಳೆಗೆ ಮಾತ್ರ. ಅದನ್ನು ಯಾರೂ ಸೇವಿಸಬಾರದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ನೆನಪಿಡಬೇಕಾದ ಅಂಶಗಳು

1. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಮೇಲೆ ಒಂದೆರಡು ಗಂಟೆಯವರೆಗೆ ಚಹಾ, ಕಾಫಿ ಬೇಡ. ಹೊಲಕ್ಕೆ ಬುತ್ತಿ ಒಯ್ಯುವಾಗ ಚಹಾದ ಬದಲು ನಿಂಬೆಹಣ್ಣು ಒಯ್ಯಬೇಕು.

2. ಸೊಪ್ಪು, ಕಾಳಿನ ಸಾರಿಗೆ ತಟ್ಟೆಯಲ್ಲೇ ನಿಂಬೆರಸ ಹಿಂಡಬೇಕು.

3. ಕಾಳುಗಳನ್ನು ನೆನೆಸಿ, ಮೊಳಕೆ ಕಟ್ಟಿ ಬಳಸಬೇಕು. ಮಗುವಿಗೆ ಮೊಳಕೆ ರಾಗಿಯ ಸರಿ ಕೊಡಬೇಕು.

4. ಚಪ್ಪಲಿ, ಶೌಚಾಲಯ, ಜಂತುಹುಳುವಿನ ಮಾತ್ರೆ ಈ ಮೂರನ್ನೂ ಮರೆಯಬಾರದು.

5. ಮನೆಯ ಹೆಂಗಸರೂ ಎಲ್ಲರ ಜೊತೆಗೇ ಕುಳಿತು ಉಣ್ಣಬೇಕು. ಸಾರಿನ ಕಾಳು, ಸೊಪ್ಪಿನಲ್ಲಿ ಅವರ ಪಾಲು ಮೊದಲೇ ತೆಗೆದಿಡಬೇಕು.

6. ಸುಸ್ತು, ಏದುಸಿರು ಇರುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲ. ಹಿತ್ತಲಿನಲ್ಲಿ ಒಂದು ನಿಂಬೆ ಗಿಡ, ಒಂದು ಸೀಬೆ ಗಿಡ, ಒಂದು ನುಗ್ಗೆ ಮರ ಇದ್ದರೆ ಆಯಿತು. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವ ರೈತನು, ಈ ಮುಂಗಾರಿಗೆ ಮೊದಲು ಮನೆಯವರ ರಕ್ತ ಪರೀಕ್ಷೆಯನ್ನೂ ಮಾಡಿಸಲಿ.